ಸೆರಗು ಝಾಡಿಸಿದವರು

ಅಲಖನೂರ
೧೨ ಜೂನ್ ೨೦೨೪

ಪ್ರಾಜಕ್ತಾಳಿಗೆ ಅತ್ತೆ ಸಕ್ಕುಬಾಯಿ ಬರೆಯುವುದು.

ಕ್ಷೇಮ ಸಮಾಚಾರ ಆಮೇಲೆ. ಮೊದಲು ಬೈಯುವುದಿದೆ. ಫೆಬ್ರುವರಿಯಲ್ಲಿ ಶಿವರಾಜನ ವರ್ಷದ ಕಾರ್ಯ ಮುಗಿಸಿಕೊಂಡು ನಿಪ್ಪಾಣಿಗೆ ಹೋದವಳು ಈ ಕಡೆ ತಿರುಗಿ ನೋಡಲಿಲ್ಲ. ಫೋನು ಮಾಡುತ್ತೇನಲ್ಲ ಅನ್ನಬೇಡ. ಫೋನು ದುಂಡೇಶನ ಕಿಸೆಯಲ್ಲಿರುತ್ತದೆ. ಅವನು ಮುಖದ ಮುಂದೆ ಹಿಡಿದರೆ ನಿನ್ನ ಬಾಯಿ ಆಡುವುದು ಕಾಣುತ್ತದೆ, ಮಾತು ಕೇಳುವುದಿಲ್ಲ. ಕಿವಿಗೆ ಹಾಕುವ ಯಂತ್ರ ಇಡೀ ದಿನ ಗುಂಯ್ ಅನ್ನುತ್ತದೆಂದು ಡಬ್ಬಿಯಲ್ಲಿಟ್ಟಿದ್ದೇನೆ. ನಾನು ಮುಲ್ಕಿ ಪರೀಕ್ಷೆ ಪಾಸಾದವಳು, ನೀನು ಕಾಲೇಜು ಕಲಿತವಳು. ಇನ್ನು ಮುಂದೆ ಕಾಗದ ಬರೆ.

ಮೊನ್ನೆ ತಲಾಟಿ ಅಭಿನಂದನ ಮನೆಗೆ ಬಂದಿದ್ದ. ಶಿವರಾಜ ಹಾರೂಗೇರಿಯ ಮೋಟಾರ್ ರಿಪೇರಿ ಅಂಗಡಿಯಲ್ಲಿ ದುಡಿದು ಕೊಂಡ ಮೂರು ಎಕರೆ ಇನ್ನೂ ಸತ್ತವನ ಹೆಸರಿನಲ್ಲೇ ಇದೆಯಂತೆ. ವಾರಸಾ ಹಚ್ಚಬೇಕಂತೆ. “ತಾಯಿ, ಹೆಂಡತಿ, ಮಗಳು, ಮೂರೂ ಹೆಸರು ಬರ್ತಾವ್ರಿ ಅಜ್ಜಿ. ಸೊಸೀನ ಕರಸ್ರಿ, ಸಹಿ ಬೇಕು” ಅಂದ. ಆಧಾರ ಕಾರ್ಡಿನ ಝೆರಾಕ್ಸ್ ತೆಗೆದುಕೊಂಡು ಬಾ. ರೂಪಾಲಿಯನ್ನೂ ಕರೆದುಕೊಂಡು ಬಾ. ಅವಳ ಆಡು ಎರಡು ಮರಿ ಹಾಕಿದೆ. ಹೆಸರಿಡುವುದು ಅವಳಿಗೇ ಬಿಟ್ಟಿದ್ದೇನೆ.

ಹೊಲದಲ್ಲಿ ಕಬ್ಬು ಚೆನ್ನಾಗಿದೆ. ದುಂಡೇಶ ತನ್ನ ಹೊಲದ ಜೊತೆ ತಮ್ಮನ ಹೊಲಕ್ಕೂ ನೀರು ಹಾಯಿಸುತ್ತಾನೆ. ಗೊಣಗುತ್ತಾನೆ, ಆದರೂ ಹಾಯಿಸುತ್ತಾನೆ.

ಸಕ್ಕುಬಾಯಿ


ನಿಪ್ಪಾಣಿ
೨೫ ಜೂನ್ ೨೦೨೪

ಪೂಜ್ಯ ಅತ್ತೆಯವರಿಗೆ ಪ್ರಾಜಕ್ತಾಳ ನಮಸ್ಕಾರಗಳು.

ನಿಮ್ಮ ಕಾಗದ ಬಂತು. ರೂಪಾಲಿಗೆ ಓದಿ ಹೇಳಿದೆ. ಒಂದು ಮರಿಗೆ ಶೇಂಗಾ, ಇನ್ನೊಂದಕ್ಕೆ ಬೆಲ್ಲ ಎಂದು ಹೆಸರಿಟ್ಟಿದ್ದಾಳೆ. ಅವಳು ಶಾಲೆಯಲ್ಲಿ ಎರಡನೆಯ ಇಯತ್ತೆಗೆ ಹೋದಳು. ನಾನು ರಕ್ತ ತಪಾಸಣೆಯ ಲ್ಯಾಬಿನ ಕೆಲಸಕ್ಕೆ ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು. ಅಪ್ಪ, ಆಯಿ ಚೆನ್ನಾಗಿದ್ದಾರೆ.

ವಾರಸಾದ ವಿಷಯ. ಅದರಲ್ಲಿ ನನ್ನ ಹೆಸರು ಬೇಡ. ನಿಮ್ಮದು ಮತ್ತು ರೂಪಾಲಿಯದು ಇರಲಿ. ರೂಪಾಲಿಯದೂ ಬೇಡವೆಂದು ದುಂಡೇಶ ಭಾವ ಅಂದರೆ ಅದಕ್ಕೂ ನನ್ನ ತಕರಾರಿಲ್ಲ. ಯಾವ ಕಾಗದ ಕಳಿಸಿದರೂ ಸಹಿ ಮಾಡಿ ಕಳಿಸುತ್ತೇನೆ. ನನಗೆ ಸಂಬಳ ಬರುತ್ತದೆ, ಸಾಕಾಗುತ್ತದೆ.

ಒಂದೇ ಒಂದು ಕೇಳಿಕೊಳ್ಳುತ್ತೇನೆ. ರೂಪಾಲಿಯನ್ನು ಈ ಶಾಲೆಯಿಂದ ಬಿಡಿಸಿ ಅಲ್ಲಿಗೆ ಕರೆದೊಯ್ಯುವ ಮಾತನ್ನು ಮಾತ್ರ ಯಾರೂ ತೆಗೆಯಬಾರದು.

ಕಾಲು ನೋವಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರಾ?

ನಿಮ್ಮ ಸೊಸೆ,
ಪ್ರಾಜಕ್ತಾ


ಅಲಖನೂರ
೮ ಜುಲೈ ೨೦೨೪

ಪ್ರಾಜಕ್ತಾ,

ಕಾಲಿಗೆ ಎಣ್ಣೆ ಹಚ್ಚುತ್ತಿದ್ದೇನೆ. ನಿನ್ನ ಕಾಗದ ಓದಿದ ಮೇಲೆ ತಲೆಗೂ ಹಚ್ಚಿಕೊಂಡೆ.

ಗಂಡ ದುಡಿದು ಕೊಂಡ ಹೊಲ ಬೇಡ ಅನ್ನುವವಳನ್ನು ಈ ಎಪ್ಪತ್ತು ವರ್ಷದಲ್ಲಿ ನಾನು ಕಂಡಿಲ್ಲ. ಏನಾಯಿತು ಎಂದು ಕೂತು ವಿಚಾರ ಮಾಡಿದೆ. ಶಿವರಾಜನ ದಿನಕಾರ್ಯಕ್ಕೆ ಬಂದಿದ್ದ ಹಿಂದಿನ ಓಣಿಯ ಹೆಂಗಸು “ಸೊಸಿ ಕಾಲ್ಗುಣ” ಅಂದಳಲ್ಲ, ಅದು ನಿನ್ನ ಮನಸ್ಸಿನಲ್ಲಿ ಉಳಿದಿದೆ. ಅವಳ ಬಾಯಿಗೆ ಮಣ್ಣು ಬೀಳಲಿ. ಶಿವರಾಜನಿಗೆ ಹೃದಯ ಕೈಕೊಟ್ಟಿತು, ನಿನ್ನ ಕಾಲಿಗೂ ಅದಕ್ಕೂ ಏನು ಸಂಬಂಧ? ನಾನು ಅವತ್ತೇ ಅವಳನ್ನು ಎಬ್ಬಿಸಿ ಕಳಿಸಬೇಕಿತ್ತು. ಅಳುವುದರಲ್ಲಿ ಇದ್ದೆ, ಆಗಲಿಲ್ಲ.

ಇನ್ನು ಶಾಲೆಯ ಮಾತು. ನಿಪ್ಪಾಣಿಯ ಶಾಲೆ ದೊಡ್ಡದಿರಬಹುದು. ನಮ್ಮೂರ ಶಾಲೆಯಲ್ಲಿ ಕಲಿತವರೇನು ಕತ್ತೆ ಕಾಯುತ್ತಿದ್ದಾರೆಯೇ? ಶಿವರಾಜ ಇಲ್ಲೇ ಕಲಿತ. ಮೊಮ್ಮಗಳು ನನ್ನ ಕಣ್ಣ ಮುಂದೆ ಇರಲಿ ಎಂದು ನನಗೆ ಅನ್ನಿಸುವುದು ತಪ್ಪೇ? ಅವನ ಹಾಗೇ ನಗುವ ಮುಖ ಮನೆಯಲ್ಲಿ ಬೇರೆ ಯಾರದಿದೆ?

ನಿನ್ನ ಸಿಟ್ಟು ಇಳಿಯುವವರೆಗೆ ವಾರಸಾ ನಿಲ್ಲಲಿ ಎಂದು ಅಭಿನಂದನನಿಗೆ ಹೇಳಿದ್ದೇನೆ. ಆದರೆ ನಾನು ಸುಮ್ಮನೆ ಕೂರುವವಳಲ್ಲ. ತಾಯಿಯಾದವಳಿಗೆ ಮಗನ ಹೊಲದ ಮೇಲೆ ಹಕ್ಕಿದೆ. ರಾಯಬಾಗಕ್ಕೆ ಹೋಗಿ ಮೂರೂ ಎಕರೆ ನಿನ್ನ ಹೆಸರಿಗೆ ಮೃತ್ಯುಪತ್ರ ಮಾಡಿಸುತ್ತೇನೆ. ಆಗ ಹೇಗೆ ಬೇಡ ಅನ್ನುತ್ತೀಯೋ ನೋಡುತ್ತೇನೆ.

ಪಂಚಮಿಗೆ ಇಬ್ಬರೂ ಬನ್ನಿ. ಜೋಕಾಲಿ ಕಟ್ಟಿಸುತ್ತೇನೆ.

ಸಕ್ಕುಬಾಯಿ


ನಿಪ್ಪಾಣಿ
೫ ಆಗಸ್ಟ್ ೨೦೨೪

ಪೂಜ್ಯ ಅತ್ತೆಯವರಿಗೆ,

ರೂಪಾಲಿಗೆ ಜ್ವರ. ಪಂಚಮಿಗೆ ಬರಲಾಗುವುದಿಲ್ಲ, ಕ್ಷಮಿಸಿ.

ನಾನು ಸಿಟ್ಟಾಗಿಲ್ಲ. ಆ ಹೆಂಗಸಿನ ಮಾತು ನನಗೆ ನೆನಪೂ ಇರಲಿಲ್ಲ. ದಯವಿಟ್ಟು ಮೃತ್ಯುಪತ್ರ ಮಾಡಿಸಬೇಡಿ. ಮುಂದೆ ಒಂದು ದಿನ ಯಾಕಾದರೂ ಮಾಡಿಸಿದೆನೋ ಎಂದು ನೀವೇ ನೊಂದುಕೊಳ್ಳಬೇಕಾದೀತು. ಇದಕ್ಕಿಂತ ಹೆಚ್ಚು ಈಗ ಬರೆಯಲಾರೆ.

ಪ್ರಾಜಕ್ತಾ


ಅಲಖನೂರ
೧೭ ಸೆಪ್ಟೆಂಬರ್ ೨೦೨೪

ಪ್ರಾಜಕ್ತಾಳಿಗೆ,

ರೂಪಾಲಿಯ ಜ್ವರ ಇಳಿಯಿತೇ? ಬರೆಯಲೇ ಇಲ್ಲ. ಗುಡಿಯಿಂದ ತಂದ ಅಂಗಾರದ ಬೂದಿ ಈ ಲಕೋಟೆಯ ಜೊತೆ ಸಣ್ಣ ಪುಡಿಕೆಯಲ್ಲಿದೆ, ಹಣೆಗೆ ಹಚ್ಚು.

ಕೆಲಸ ಮುಗಿಯಿತು! ರಾಯಬಾಗದಲ್ಲಿ ಅಪ್ಪಾಸಾಬ ಎಂಬ ಬಾಂಡ್ ರೈಟರ್ ಇದ್ದಾನೆ, ಮರದ ಕೆಳಗೆ ಟೇಬಲ್ ಹಾಕಿಕೊಂಡು ಕೂಡುತ್ತಾನೆ. “ನನ್ನ ಹಿಂದೆ ಮೂರೂ ಎಕರೆ ಸೊಸಿಗಿ ಹೋಗಬೇಕು, ಬರಿಯಪಾ” ಅಂದೆ. ಟೈಪ್ ಮಾಡಿಸಿಕೊಂಡು ಬಂದು ಓದಿ ಹೇಳಿದ. ಚಷ್ಮಾ ಮನೆಯಲ್ಲೇ ಮರೆತು ಹೋಗಿದ್ದೆ. ಅವನು ಓದಿದ, ನಾನು ಹೂಂ ಹೂಂ ಅಂದೆ. ಕಚೇರಿಯೊಳಗೆ ಸಾಹೇಬರ ಮುಂದೆ ಫೋಟೊ ತೆಗೆದರು, ಹೆಬ್ಬೆರಳು ಒತ್ತಿಸಿಕೊಂಡರು. ಸಹಿ ಮಾಡಲು ಬರುತ್ತದೆ ಎಂದರೂ ಹೆಬ್ಬೆರಳೂ ಬೇಕಂತೆ.

ದುಂಡೇಶ ಮುಖ ಊದಿಸಿಕೊಂಡು ಹೊರಗೆ ನಿಂತಿದ್ದ. “ಬೇ ಅವ್ವಾ, ನೀರು ಹಾಯಿಸಿದಾಂವ ನಾನು, ನಿಂದು ಬರೇ ಸೊಸಿ ಜಪಾ” ಅಂದ. “ನಿಮ್ಮಪ್ಪನ ಹೊಲ ಪೂರಾ ನಿನ್ನ ಹಂತ್ಯಾಕ ಐತಿ. ಶಿವರಾಜಂದು ಶಿವರಾಜನವರಿಗೆ” ಅಂದೆ. ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ಕೊಡಿಸಿದ ಮೇಲೆ ಸ್ವಲ್ಪ ಸರಿಯಾದ.

ಮೃತ್ಯುಪತ್ರದ ಝೆರಾಕ್ಸ್ ಇದರ ಜೊತೆ ಇಟ್ಟಿದ್ದೇನೆ. ಓದಿ ನೋಡು. ಇನ್ನಾದರೂ ಒಂದು ಸಲ ಬಂದು ಹೋಗು.

ಸಕ್ಕುಬಾಯಿ


ನಿಪ್ಪಾಣಿ
೨ ಅಕ್ಟೋಬರ್ ೨೦೨೪

ಅತ್ತೆಯವರಿಗೆ,

ಮೃತ್ಯುಪತ್ರ ಓದಿದೆ. ನಿಮ್ಮ ಮನಸ್ಸು ಅರ್ಥವಾಯಿತು. ಎರಡನೆಯ ಪುಟದಲ್ಲಿ ಹೀಗಿದೆ: “ಸದರಿ ಪ್ರಾಜಕ್ತಾ ಇವಳು ಪುನರ್ವಿವಾಹ ಮಾಡಿಕೊಳ್ಳದೆ ಮೃತ ಗಂಡನ ಹೆಸರಿನ ಮೇಲೆ ಇರುವವರೆಗೆ ಮಾತ್ರ ಈ ಆಸ್ತಿಯನ್ನು ಅನುಭವಿಸತಕ್ಕದ್ದು. ತಪ್ಪಿದಲ್ಲಿ ಆಸ್ತಿಯೂ ಮಗುವಿನ ಪಾಲನೆಯೂ ನಮ್ಮ ಮನೆತನಕ್ಕೆ ಮರಳತಕ್ಕದ್ದು.”

ನಿಮಗೆ ಯಾರು ಹೇಳಿದರೋ ಗೊತ್ತಿಲ್ಲ. ಗೊತ್ತಾದ ಮೇಲೆ ನನ್ನನ್ನೇ ನೇರವಾಗಿ ಕೇಳಬಹುದಿತ್ತು. ಬಾಂಡ್ ಪೇಪರಿನಲ್ಲಿ ಬರೆಸಿ ಕಳಿಸುವ ಅಗತ್ಯವಿರಲಿಲ್ಲ.

ಹೌದು, ನಾನು ಮತ್ತೆ ಮದುವೆಯಾಗುತ್ತಿದ್ದೇನೆ. ಅವರ ಹೆಸರು ಬಸವಂತ. ನಿಪ್ಪಾಣಿ–ಚಿಕ್ಕೋಡಿ ಬಸ್ಸಿನಲ್ಲಿ ಕಂಡಕ್ಟರ್. ಹೆಂಡತಿ ತೀರಿಕೊಂಡಿದ್ದಾರೆ, ಮಕ್ಕಳಿಲ್ಲ. ರಕ್ತ ತಪಾಸಣೆಗೆಂದು ಲ್ಯಾಬಿಗೆ ಬಂದವರು. ಸೂಜಿ ನೋಡಿ ಕಣ್ಣು ಮುಚ್ಚಿಕೊಂಡು ಕೂತಿದ್ದರು, ಶಾಲೆ ಬಿಟ್ಟು ಅಲ್ಲಿಗೆ ಬಂದಿದ್ದ ರೂಪಾಲಿ ಅದನ್ನು ನೋಡಿ ನಕ್ಕಳು. ಅಪ್ಪ ಸತ್ತ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು. ಒಳ್ಳೆಯ ಮನುಷ್ಯ. ನಾನು ಅವರ ಹತ್ತಿರ ಶಿವರಾಜರ ಮಾತಾಡಿದರೆ ಕೇಳಿಸಿಕೊಳ್ಳುತ್ತಾರೆ. ಸಂಕ್ರಾಂತಿ ದಾಟಿದ ಮೇಲೆ ಮಾಡಿಕೊಳ್ಳೋಣ ಎಂದು ನಿಶ್ಚಯವಾಗಿದೆ.

ಯಾಕೆ ಮುಚ್ಚಿಟ್ಟೆ ಎಂದು ಹೇಳುತ್ತೇನೆ. ನಾನು ಸಣ್ಣವಳಿದ್ದಾಗ ನನ್ನ ಮಾವಶಿಗೆ, ಆಯಿಯ ತಂಗಿಗೆ, ಉಡಿಕೆ ಮಾಡಿದರು. ಗಂಡ ಸತ್ತ ಹುಡುಗಿ, ಮತ್ತೊಂದು ಮನೆ ಸೇರಲಿ ಎಂದು. ಅವಳು ಹೊರಡುವ ದಿನ ಅತ್ತೆಯ ಮನೆಯವರು ಹೊಸ್ತಿಲಲ್ಲಿ ನಿಲ್ಲಿಸಿ ಅವಳ ಸೆರಗು ಝಾಡಿಸಿಕೊಂಡರು. ಈ ಮನೆಯ ಒಂದು ಕಾಳೂ ಅವಳ ಜೊತೆ ಹೋಗಬಾರದಂತೆ. ಮೈಮೇಲಿನ ಬಂಗಾರ ತೆಗೆಸಿದರು, ಹೊಲ ಬಿಡಿಸಿದರು. ಕೊನೆಗೆ ಮಗನ ಕೈಯನ್ನು ಅವಳ ಕೈಯಿಂದ ಬಿಡಿಸಿ ಒಳಗೆ ಎಳೆದುಕೊಂಡು ಬಾಗಿಲು ಹಾಕಿದರು. “ಕುಡಿ ಬೇರಿನ ಮನೀದು” ಅಂದರು. ನಾನು ಮಾವಶಿಯ ಪಕ್ಕದಲ್ಲಿ ನಿಂತಿದ್ದೆ.

ಅದಕ್ಕೇ ಹೊಲ ಮೊದಲೇ ಬಿಟ್ಟುಕೊಡುತ್ತೇನೆ ಅಂದೆ. ಹೊಲ ಕೊಟ್ಟರೆ ಮಗಳನ್ನು ನನಗೆ ಬಿಡುತ್ತೀರಿ ಅಂದುಕೊಂಡೆ. ಮೊಮ್ಮಗಳು ಕಣ್ಣ ಮುಂದೆ ಇರಲಿ ಎಂದು ನೀವು ಬರೆದಾಗ ಆ ಆಸೆಯೂ ಹೋಯಿತು. ಪಂಚಮಿಗೆ ಅವಳಿಗೆ ಜ್ವರ ಇರಲಿಲ್ಲ. ಕರೆದುಕೊಂಡು ಬಂದರೆ ತಿರುಗಿ ಕಳಿಸುತ್ತೀರೋ ಇಲ್ಲವೋ ಎಂದು ಹೆದರಿ ಸುಳ್ಳು ಬರೆದೆ.

ಅತ್ತೆ, ಮೂರೂ ಎಕರೆ ನಿಮ್ಮ ಮನೆತನಕ್ಕೇ ಇರಲಿ. ಶಿವರಾಜರ ಬೆವರು ಅದರಲ್ಲಿದೆ ಎಂದು ನನಗೆ ಗೊತ್ತಿದೆ, ಆದರೂ ಇರಲಿ. ರೂಪಾಲಿಯನ್ನು ಮಾತ್ರ ಕೇಳಬೇಡಿ. ನಿಮ್ಮ ಕಾಲು ಹಿಡಿದುಕೊಳ್ಳುತ್ತೇನೆ.

ಪ್ರಾಜಕ್ತಾ


ನಿಪ್ಪಾಣಿ
೧೦ ನವೆಂಬರ್ ೨೦೨೪

ಅತ್ತೆಯವರಿಗೆ,

ನಿಮ್ಮ ಉತ್ತರ ಬರಲಿಲ್ಲ. ದೀಪಾವಳಿಗೂ ಒಂದು ಮಾತಿಲ್ಲ. ಶಾಲೆಯ ಹತ್ತಿರ ದುಂಡೇಶ ಭಾವನ ಹಾಗೆ ಕಾಣುವ ಯಾರನ್ನೋ ನೋಡಿ ಮೊನ್ನೆ ರೂಪಾಲಿಯನ್ನು ಎತ್ತಿಕೊಂಡು ಓಡಿ ಬಂದೆ. ಬೇರೆ ಯಾರೋ ಆಗಿದ್ದರು. ಬೈದಾದರೂ ಬರೆಯಿರಿ. ನಿಮ್ಮ ಬೈಗುಳ ಓದಿ ರೂಢಿಯಾಗಿದೆ, ಈ ಸುಮ್ಮನಿರುವುದು ತಡೆಯಲಾಗುತ್ತಿಲ್ಲ.

ಪ್ರಾಜಕ್ತಾ


ಅಲಖನೂರ
೧೮ ಡಿಸೆಂಬರ್ ೨೦೨೪

ಪ್ರಾಜಕ್ತಾ,

ಬೈಯುತ್ತೇನೆ, ತಡಿ. ಜ್ವರ ಇಲ್ಲದ ಹುಡುಗಿಗೆ ಜ್ವರ ಎಂದು ಬರೆದೆಯಲ್ಲ, ನಾನು ಇಲ್ಲಿ ಗುಡಿಗೆ ಹೋಗಿ ಅಂಗಾರ ಹಿಡಿದುಕೊಂಡು ಬಂದೆ. ಈ ಮೊಳಕಾಲಿನಲ್ಲಿ! ಅದೊಂದು ಬಾಕಿ ನಿನ್ನ ಮೇಲೆ ಇರಲಿ.

ನಿನ್ನ ಕಾಗದ ಓದಿದ ದಿನ ನನಗೆ ಏನೂ ತಿಳಿಯಲಿಲ್ಲ. ಯಾವ ಶರತ್ತು, ಯಾವ ಪುಟ? ಚಷ್ಮಾ ಹಾಕಿಕೊಂಡು ಮೃತ್ಯುಪತ್ರ ಮೊದಲ ಸಲ ನಾನೇ ಓದಿದೆ. ಆ ಸಾಲು ಬಂತು. ಪ್ರಾಜಕ್ತಾ, ಅದು ನನ್ನ ಮಾತಲ್ಲ. ನಿನ್ನ ಮದುವೆಯ ಸುದ್ದಿ ನಿನ್ನ ಕಾಗದ ಬರುವವರೆಗೆ ನನಗೆ ಯಾರೂ ಹೇಳಿರಲಿಲ್ಲ.

ಮರುದಿನವೇ ದುಂಡೇಶನನ್ನು ಎಬ್ಬಿಸಿಕೊಂಡು ರಾಯಬಾಗಕ್ಕೆ ಹೋದೆ. ಅಪ್ಪಾಸಾಬ ಚಹಾ ಕುಡಿಯುತ್ತ ಕೂತಿದ್ದ.

“ವಿಧವೀ ಸೊಸಿ ಹೆಸರಿಗಿ ಬರಿಯೂಮುಂದ ಈ ಸಾಲು ಹಾಕಾದು ಪದ್ಧತಿ ಐತ್ರಿ ಅವ್ವಾರ. ನಾ ಓದಿ ಹೇಳೇನಿ, ನೀವು ಹೂಂ ಅಂದೀರಿ.”

“ನಾ ಕಿವುಡಿ ಅದೀನೋ ಖೋಡಿ! ಎಲ್ಲಾದಕ್ಕೂ ಹೂಂ ಅಂತೀನಿ. ನಿನ್ನ ಮನೀನ ನನ್ನ ಹೆಸರಿಗಿ ಬರದೇನಿ ಅಂದಿದ್ರೂ ಹೂಂ ಅಂತಿದ್ದೆ!”

ಸುತ್ತ ಮಂದಿ ನಕ್ಕರು. ನನಗೆ ನಗು ಬರಲಿಲ್ಲ. ಕೇಳಿಸಲಿಲ್ಲ ಎಂದು ಹೇಳಲು ನಾಚಿಕೆಯಾಗಿ ಹೂಂ ಅನ್ನುವುದು ನನಗೆ ಚಟವಾಗಿಬಿಟ್ಟಿದೆ. ಆ ಹೂಂ ನಿನ್ನನ್ನು ಇಷ್ಟು ದಿನ ಹೆದರಿಸಿತಲ್ಲ, ಅದಕ್ಕೆ ನನ್ನನ್ನು ಕ್ಷಮಿಸು. ಈಗ ಕಿವಿಯ ಯಂತ್ರ ಡಬ್ಬಿಯಿಂದ ತೆಗೆದು ಹಾಕಿಕೊಂಡಿದ್ದೇನೆ. ಗುಂಯ್ ಅನ್ನಲಿ.

ಬಾಂಡ್ ರೈಟರನ ಸಹವಾಸ ಸಾಕೆಂದು ಚಿಕ್ಕೋಡಿಗೆ ವಕೀಲರ ಹತ್ತಿರ ಹೋದೆವು. ಸಪನಾ ಎಂದು ಹೆಣ್ಣುಮಗಳು, ನಿನ್ನದೇ ವಯಸ್ಸು. ಮೃತ್ಯುಪತ್ರ ಓದಿ ನಕ್ಕುಬಿಟ್ಟಳು. “ಅಜ್ಜೀ, ಮಂದೀ ಹೊಲಾ ಮಂದಿಗೇ ಬರದು ಕೊಟ್ಟೀರಿ” ಅಂದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಕೂಗಿ ಹೇಳಿದಳು, ಕೆಳಗಿನ ಚಹಾ ಅಂಗಡಿಯವರಿಗೂ ಕಾಯಿದೆ ತಿಳಿದಿರಬೇಕು: “ನಿಮ್ಮ ಮಗ ತೀರಿಕೊಂಡ ದಿನಾನ ಆ ಹೊಲ ಮೂರು ಪಾಲಾಗೇತಿ. ಒಂದು ನಿಮ್ದು, ಒಂದು ಸೊಸೀದು, ಒಂದು ಮೊಮ್ಮಗಳದು. ಆಕಿ ಪಾಲು ಆಕಿಗಿ ಕೊಡಾಕ ನೀವ್ಯಾರು? ನಿಮ್ಮ ಒಂದು ಎಕರೆ ಅಷ್ಟ ನಿಮ್ದು.”

“ನಾಳೆ ಆಕಿ ಮತ್ತೊಂದು ಲಗ್ನಾ ಆದ್ರ?” ಅಂತ ದುಂಡೇಶ ಕೇಳಿದ.

“ಆಗಲಿ. ಬಂದಿದ್ದ ಪಾಲು ಹೊಳ್ಳಿ ಹೋಗಂಗಿಲ್ಲ.”

“ಮತ್ತ ಹುಡುಗಿ?” ಅಂದೆ ನಾನು.

“ತಾಯಿ ಹಂತ್ಯಾಕ ಇರ್ತಾಳ. ಹೊಲಕ್ಕೂ ಅದಕ್ಕೂ ಸಂಬಂಧಾನ ಇಲ್ಲ. ಮೃತ್ಯುಪತ್ರದಾಗ ಮಕ್ಕಳನ್ನ ಬರದು ಕೊಡಾಕ ಬರತೈತೇನ್ರಿ?”

ನೋಡು, ಕಾಲೇಜು ಕಲಿತವಳು ನೀನು ಮಾವಶಿಯ ಹೊಸ್ತಿಲನ್ನೇ ಕಾಯಿದೆ ಅಂದುಕೊಂಡೆ. ಮುಲ್ಕಿ ಪಾಸಾದ ನಾನೂ ಅದನ್ನೇ ಅಂದುಕೊಂಡಿದ್ದೆ. ಈಗ ವಾರಸಾ ಆಯಿತು. ಅಭಿನಂದನ ನಿನ್ನ ಸಹಿ ಕಾಯಲಿಲ್ಲ, ಕಾಯುವ ಅಗತ್ಯವಿಲ್ಲ ಎಂದು ವಕೀಲರೇ ಅವನಿಗೆ ಫೋನು ಮಾಡಿ ಹೇಳಿದರು. ಹೊಲದ ಪಹಣಿ ಉತಾರದಲ್ಲಿ ಮೂರು ಹೆಸರು ಕೂತಿವೆ. ಹಳೆಯ ಮೃತ್ಯುಪತ್ರ ರದ್ದಾಗಿದೆ.

ಮನೆಗೆ ಬಂದ ಮೇಲೆ ದುಂಡೇಶನ ಸಂಕಟ ಹೊರಬಿತ್ತು. “ನಾಳೆ ಆ ಮನಷ್ಯಾ ಬದುವಿನ ಮ್ಯಾಲ ಬಂದು ನಿಂತ್ರ ಏನಂತ ಕರೀಲಿ ಬೇ? ತಮ್ಮ ಅನ್ನಾಕ ಬಾಯಿ ಬರಂಗಿಲ್ಲ.” ಅವನಿಗೆ ಹೊಲದ ದುಃಖ ಸ್ವಲ್ಪ, ತಮ್ಮನ ದುಃಖ ಬಹಳ. ಅದು ನನಗೂ ಅವತ್ತೇ ತಿಳಿಯಿತು. “ನನಗ ಅಳಿಯಾ ಆಗ್ತಾನ. ನಿನಗ ಏನಾಗಬೇಕು ನೀನ ಹುಡಿಕ್ಯೊ” ಅಂದೆ. ಬಹಳ ಹೊತ್ತು ವಿಚಾರ ಮಾಡಿ, “ಕಂಡಕ್ಟರ್ ಸಾಹೇಬ್ರ ಅಂತೀನಿ” ಅಂದ. ಸದ್ಯಕ್ಕೆ ಅಷ್ಟು ಸಾಕು. ಈ ವರ್ಷದ ಕಬ್ಬು ಕಡಿದ ಮೇಲೆ ನಿಮ್ಮ ಎರಡು ಎಕರೆಯನ್ನು ಅವನೇ ಗೇಣಿ ಕೊಟ್ಟು ಲಾವಣಿಗೆ ಮಾಡಲಿ, ಕಾಗದ ವಕೀಲರ ಮುಂದೆ ಆಗಲಿ. ಇಷ್ಟವಿಲ್ಲದಿದ್ದರೆ ಬೇರೆಯವರಿಗೆ ಕೊಡು. ಹೊಲ ನಿನ್ನದು.

ಇಷ್ಟಕ್ಕೇ ಎರಡು ತಿಂಗಳು ಯಾಕೆ ಹಿಡಿಯಿತು ಎಂದು ಕೇಳುತ್ತೀ. ಇನ್ನೊಂದು ಮಾತು ಬರೆಯಲು ಧೈರ್ಯ ಬರಲಿಲ್ಲ. ಕೂತು ಬರೆಯುವುದು, ಹರಿಯುವುದು, ಹಾಗೇ ದೀಪಾವಳಿ ಹೋಯಿತು.

ನನ್ನ ಎಕರೆಗೆ ಹೊಸ ಮೃತ್ಯುಪತ್ರ ಬರೆಯುವಾಗ ವಕೀಲರು ಮಕ್ಕಳೆಷ್ಟು ಎಂದು ಕೇಳಿದರು. ಇಬ್ಬರು, ಒಬ್ಬ ಹೋದ ಅಂದೆ. “ಹೆಣ್ಣಮಕ್ಕಳನ್ನೂ ಹೇಳ್ರಿ. ನೀವು ಹಡದಾವು ಎಲ್ಲಾ ಬರಬೇಕು” ಅಂದಳು. ಅವಳು ಪೆನ್ನು ಹಿಡಿದುಕೊಂಡು ಕಾಯುತ್ತಿದ್ದಳು. ನಾನು ಮೂರು ಅಂದೆ. ದುಂಡೇಶ ಗಕ್ಕನೆ ನನ್ನ ಕಡೆ ತಿರುಗಿದ. ಅವನಿಗೆ ಗೊತ್ತಿರಲಿಲ್ಲ.

ನಾನೂ ಉಡಿಕೆಯವಳು, ಪ್ರಾಜಕ್ತಾ. ನಿಮ್ಮ ಮಾವ ವಿರುಪಾಕ್ಷಪ್ಪನವರನ್ನು ಸೇರುವ ಮೊದಲು ನನ್ನನ್ನು ಕರೋಶಿಗೆ ಕೊಟ್ಟಿದ್ದರು. ಆ ಗಂಡನಿಗೆ ಹಾವು ಕಡಿಯಿತು. ಅಪ್ಪ, ಅಣ್ಣಂದಿರು ಸೇರಿ ನನ್ನನ್ನು ಇಲ್ಲಿಗೆ ಉಡಿಕೆ ಮಾಡಿದರು, ನನ್ನನ್ನು ಯಾರೂ ಕೇಳಲಿಲ್ಲ. ನನ್ನ ಸೆರಗನ್ನೂ ಝಾಡಿಸಿಕೊಂಡರು. ಒಂದು ಹೆಣ್ಣುಕೂಸಿತ್ತು, ಸುಂದರಾ. ಆಗಷ್ಟೇ ಓಡಾಡುತ್ತಿತ್ತು. ಅದನ್ನು ಅಲ್ಲೇ ಇಟ್ಟುಕೊಂಡರು. ನಿಮ್ಮ ಮಾವ ದೇವರಂಥವರು, ಕರೆದುಕೊಂಡು ಬರೋಣ ಎಂದು ಅವರೇ ಎರಡು ಸಲ ಹೋಗಿ ಕೇಳಿ ಅವಮಾನ ಮಾಡಿಸಿಕೊಂಡು ಬಂದರು. ಆಮೇಲೆ ಈ ಮನೆಯಲ್ಲಿ ಆ ಹೆಸರು ಬರಲಿಲ್ಲ.

ನನ್ನ ಎಕರೆಯನ್ನು ದುಂಡೇಶ, ರೂಪಾಲಿ, ಸುಂದರಾ ಮೂವರಿಗೆ ಬರೆಸಿದ್ದೇನೆ. ಸುಂದರಾಳನ್ನು ಸಾಂಗಲಿಯ ಕಡೆ ಕೊಟ್ಟಿದ್ದಾರೆಂದು ಕೇಳಿದ್ದೆ. ನಾನು ಸತ್ತ ಮೇಲೆ ಅವಳ ಮನೆಗೆ ನೋಟೀಸು ಹೋಗುತ್ತದೆ. ಯಾರೀ ಸಕ್ಕುಬಾಯಿ ಎಂದು ಆಗ ಯಾರನ್ನಾದರೂ ಕೇಳಲಿ.

ನಿನ್ನ ಮದುವೆಗೆ ನಾನು ಬರುತ್ತೇನೆ. ಉಡಿಕೆಗೆ ಮುತ್ತೈದೆಯರು ಬರಬಾರದಂತೆ, ಕತ್ತಲಲ್ಲೇ ಮುಗಿಸಬೇಕಂತೆ. ನನಗೆ ಮುತ್ತೈದೆತನದ ಹಂಗಿಲ್ಲ, ನಿನ್ನ ಉಡಿ ನಾನೇ ತುಂಬುತ್ತೇನೆ. ಆದರೆ ಹಗಲು ಹೊತ್ತಿನಲ್ಲಿ ಮಾಡಿಕೋ. ನನಗೆ ಕತ್ತಲಲ್ಲಿ ಕಣ್ಣೂ ಕಾಣುವುದಿಲ್ಲ.

ಒಂದು ಸಲ ಮಾತ್ರ ನಾನು ಕರೋಶಿಗೆ ಹೋಗಿದ್ದೆ. ದುಂಡೇಶ ಕಂಕುಳಲ್ಲಿದ್ದ. ಆ ಮನೆಯ ಎದುರಿನ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದೆ. ಬಿಸಿಲಿತ್ತು. ಒಳಗಿಂದ ಒಬ್ಬ ಹುಡುಗಿ ಚೊಂಬಿನಲ್ಲಿ ನೀರು ತಂದಳು. ನನ್ನದೇ ಮೂಗು. “ಯಾರ ಪೈಕಿರೀ ನೀವು?” ಅಂದಳು. “ಬಸ್ಸಿನ ದಾರಿ ಕಾಯಾಕತ್ತೇನವಾ” ಅಂದೆ. ನೀರು ಕುಡಿದು ಚೊಂಬು ಕೊಟ್ಟೆ. ಅವಳು ಒಳಗೆ ಹೋದಳು.

ರೂಪಾಲಿ ಯಾವತ್ತೂ ನಿನ್ನನ್ನು ಹಾಗೆ ಕೇಳಬಾರದು. ಅವಳನ್ನು ಕರೆದುಕೊಂಡೇ ಹೋಗು.

ಸಕ್ಕುಬಾಯಿ